ಹಣ್ಣೆಲೆಯೂ ಚಿಗುರೆಲೆಯೂ
(ಎಲೆಗಳ ಬಣ್ಣವನ್ನು ನೋಡಲು ಯಾವ ಬೆಟ್ಟಕ್ಕೆ, ಯಾವ ತಿಂಗಳಿನಲ್ಲಿ ಹೋಗತಕ್ಕದ್ದು?)

ಸೃಷ್ಟಿಯ ಸೌಂದರ್ಯವನ್ನು ನೋಡಬೇಕೆಂದು ಬೆಟ್ಟವನ್ನು ಹತ್ತುವ ಅಭಿರುಚಿಯು ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಮನೆತನಗಳಲ್ಲಿ ದಿನೇ ದಿನೇ ಹೆಚ್ಚುತ್ತಿರುವದು ಸಂತೋಷದ ಸಂಗತಿಯಾಗಿದೆ. ಕಾಶ್ಮೀರದ ಚಿನಾರ ಮರಗಳು ಅಕ್ಟೋಬರ ತಿಂಗಳಿನ ಕೊನೆಗೆ ಬೆಂಕಿಯಂತೆ ಕೆಂಪಾಗಿ ನಿಂತಿರುವ ಚಿತ್ರಗಳನ್ನೂ, ಜಪಾನದವರು ಮೇಪಲ್ ಮರದ ಕೆಂಪೆಲೆಗಳನ್ನು ನೋಡಲು ಗುಡ್ಡಗಾಡಿಗೆ ಗುಂಪುಗುಂಪಾಗಿ ಹೋಗುವ ಚಿತ್ರಗಳನ್ನೂ ಈಗಿನ ಮಕ್ಕಳೆಲ್ಲರೂ ನೋಡಿರುವರು. ಅವನ್ನು ನೋಡಿದ ಮಗಳು, "ಅವ್ವಾ, ನಮ್ಮಲ್ಲಿ ಇಂಥ ಬೆಟ್ಟಗಳಿಲ್ಲವೇ?" ಎಂದು ಕೇಳಿದರೆ ತಾಯಿಯು ಏನು ಹೇಳಬೇಕು? ಅನೇಕರು ಆ ಚಿತ್ರಗಳ ತಿಂಗಳನ್ನೇ ನಂಬಿ, ದಸರೆಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಮಲೆನಾಡಿಗೆ ಹೋಗಿ, ಎಲ್ಲೆಲ್ಲಿಯೂ ಹಸುರನ್ನೇ ಕಂಡು, "ನಮ್ಮ ಸೀಮೆಯ ಎಲೆಗಳಿಗೆ ಬಣ್ಣವೇ ಇಲ್ಲ" ಎಂದು ತೀರ್ಮಾನಿಸಿ ಹಿಂದಿರುಗುತ್ತಾರೆ. ಈ ತೀರ್ಮಾನವು ಸರಿಯಾದದ್ದಲ್ಲ. ನಮ್ಮ ಕಾಡುಗಳಿಗೂ ಬಣ್ಣವುಂಟು. ಆದರೆ ಅದರ ಕಾಲವು ಬೇರೆ, ಕಾರಣವು ಬೇರೆ, ಅದನ್ನು ನೋಡಲು ಹೋಗುವವರು ವಹಿಸಬೇಕಾದ ಎಚ್ಚರಿಕೆಯೂ ಬೇರೆ. ಇದನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಸ್ವಲ್ಪ ವಿವರವಾಗಿ ತಿಳಿಸುವದೇ ಈ ಲೇಖನದ ಉದ್ದೇಶವು.

ಶರದೃತುವಿನಲ್ಲಿ ನಮ್ಮ ಕಾಡು ಹಸುರಾಗಿರುವದೇಕೆ?

ಮರವು ತನ್ನ ಎಲೆಗಳನ್ನು ಸುಮ್ಮನೆ ಚೆಲ್ಲುವದಿಲ್ಲ. ಬೇರು ಎಳೆದುಕೊಂಡ ನೀರಿನ ಹೆಚ್ಚಿನ ಪಾಲು ಎಲೆಗಳ ಸೂಕ್ಷ್ಮರಂಧ್ರಗಳ ಮೂಲಕ ಆವಿಯಾಗಿ ಹೋಗುತ್ತದೆ. ನೀರು ಸಿಕ್ಕದ ಕಾಲದಲ್ಲಿ ಎಲೆಗಳನ್ನು ಇಟ್ಟುಕೊಂಡಿರುವದು ಮರಕ್ಕೆ ನಷ್ಟದ ವ್ಯಾಪಾರವು. ಶೀತದೇಶಗಳಲ್ಲಿ ನೆಲವು ಹೆಪ್ಪುಗಟ್ಟುವದರಿಂದ ಚಳಿಗಾಲವೇ ಮರಕ್ಕೆ ನೀರಿಲ್ಲದ ಕಾಲವಾಗುವದು. ಆದದರಿಂದ ಹಗಲು ಗಿಡ್ಡವಾಗಿ ಚಳಿಯು ಮೊದಲಾದೊಡನೆ, ಅಂದರೆ ಸೆಪ್ಟೆಂಬರ ಅಕ್ಟೋಬರಗಳಲ್ಲಿ, ಅಲ್ಲಿಯ ಮರಗಳು ಎಲೆಯನ್ನುದುರಿಸಲು ಸಿದ್ಧವಾಗುತ್ತವೆ. ನಮ್ಮಲ್ಲಾದರೋ ಮರಕ್ಕೆ ಶತ್ರುವಾದದ್ದು ಚಳಿಯಲ್ಲ, ಮಳೆಯಿಲ್ಲದ ಬೇಸಗೆಯು. ಅಕ್ಟೋಬರದಲ್ಲಿ ಹಿಂಗಾರಿ ಮಳೆಗಳು ಇನ್ನೂ ಬೀಳುತ್ತಿರುತ್ತವೆ, ನೆಲದಲ್ಲಿ ಹಸಿಯು ತುಂಬಿರುತ್ತದೆ. ಆದಕಾರಣ ಪಂಚಾಂಗದ ಶರದೃತುವು ನಮ್ಮ ಕಾಡಿಗೆ ಹಸುರಿನ ಕಾಲವೇ ಆಗಿರುವದು. ಹೇಮಂತವು ಕಳೆದು ಶಿಶಿರವು, ಅಂದರೆ ಮಾಘ-ಫಾಲ್ಗುನಗಳು, ಬಂದಾಗ ನಮ್ಮ ಮರಗಳು ಎಲೆಯನ್ನುದುರಿಸುವವು. ನಮ್ಮ ಹಿರಿಯರು ಎಲೆಯುದುರುವದನ್ನು ಶಿಶಿರಕ್ಕೆ ಸೇರಿಸಿದ್ದು ಈ ನೆಲವನ್ನು ನೋಡಿಯೇ ಸರಿ.

ಎಲೆಯ ಬಣ್ಣಕ್ಕೆ ಕಾರಣ

ಎಲೆಯು ಹಸುರಾಗಿ ಕಾಣುವದು ಅದರಲ್ಲಿರುವ ಪತ್ರಹರಿತ್ತೆಂಬ ದ್ರವ್ಯದಿಂದ. ಬಿಸಿಲಿನ ಸಹಾಯದಿಂದ ಮರಕ್ಕೆ ಆಹಾರವನ್ನು ಸಿದ್ಧಪಡಿಸುವದು ಅದರ ಕೆಲಸ. ಅದೇ ಎಲೆಯಲ್ಲಿ ಹಳದಿಯ ವರ್ಣದ್ರವ್ಯಗಳೂ ಮೊದಲಿನಿಂದಲೇ ಇರುತ್ತವೆ; ಹಸುರಿನ ದಟ್ಟಣೆಯಲ್ಲಿ ಅವು ಕಾಣಿಸುವದಿಲ್ಲ. ಎಲೆಯನ್ನು ಬಿಡುವದಕ್ಕೆ ಮುಂಚೆ ಮರವು ಅದರಲ್ಲಿಯ ಸಾರವನ್ನು ಕೊಂಬೆಗೆ ಹಿಂದಕ್ಕೆ ಎಳೆದುಕೊಳ್ಳುವದು; ಪತ್ರಹರಿತ್ತು ಕರಗಿಹೋಗುವದು; ಅಡಗಿದ್ದ ಹಳದಿಯು ಹೊರಬೀಳುವದು. ತೊಟ್ಟಿನ ಬುಡದಲ್ಲಿ ಬೆಂಡಿನಂಥದೊಂದು ಪದರು ಬೆಳೆದು ಎಲೆಯು ಕಳಚಿ ಬೀಳುವದು. ಸಾರವನ್ನು ಒಪ್ಪಿಸಿ ಬೀಳುವ ಎಲೆಯನ್ನು ನಮ್ಮ ಭಾಷೆಯು "ಹಣ್ಣೆಲೆ" ಎಂದು ಕರೆದಿರುವದು ಎಷ್ಟು ಸಮಂಜಸವಾಗಿದೆ!

ಕೆಂಪು ಬಣ್ಣದ ಸಂಗತಿಯು ಬೇರೆ. ಅದು ಅಡಗಿದ್ದು ಹೊರಬಿದ್ದದ್ದಲ್ಲ. ಎಲೆಯು ಹೊಸದಾಗಿ ತಯಾರಿಸಿದ್ದು. ಇದಕ್ಕೆ ಆಂಥೋಸಯನಿನ್ ಎಂದು ಹೆಸರು. ಕೆಲವು ಮರಗಳು ಇದನ್ನು ಹಣ್ಣೆಲೆಯಲ್ಲಿ ತಯಾರಿಸಿದರೆ, ಮತ್ತೆ ಕೆಲವು ಚಿಗುರೆಲೆಯಲ್ಲಿ ತಯಾರಿಸುತ್ತವೆ. ಎಳೆಯ ಚಿಗುರನ್ನು ಪ್ರಖರವಾದ ಬಿಸಿಲಿನಿಂದಲೂ, ಎಲೆ ತಿನ್ನುವ ಹುಳುಗಳಿಂದಲೂ ಈ ಕೆಂಪು ಕಾಪಾಡುವದೆಂದು ವಿಜ್ಞಾನಿಗಳು ಹೇಳುತ್ತಾರೆ. ಮಾವಿನ ತಾಮ್ರದ ಚಿಗುರನ್ನೂ, ಅರಳಿಯ ನಸುಗೆಂಪು ಚಿಗುರನ್ನೂ ಕಾಣದವರು ನಮ್ಮಲ್ಲಿ ಯಾರಿದ್ದಾರೆ? ಹಾಗಾದರೆ ಶೀತದೇಶದವರಿಗೂ ನಮಗೂ ಇರುವ ಮುಖ್ಯ ಭೇದವು ಇಷ್ಟೇ: ಅವರ ಕಾಡು ಎಲೆಗಳನ್ನು ಬೀಳ್ಕೊಡುವಾಗ ಕೆಂಪಾಗುವದು, ನಮ್ಮ ಕಾಡು ಹೆಚ್ಚಾಗಿ ಹೊಸ ಎಲೆಗಳನ್ನು ಹಡೆಯುವಾಗ ಕೆಂಪಾಗುವದು. ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತೆಂಬ ಗಾದೆಯನ್ನು ನಾವು ಮನುಷ್ಯರ ಗರ್ವವನ್ನು ತಿದ್ದಲು ಹೇಳುತ್ತೇವೆ. ನಮ್ಮ ಬೆಟ್ಟಗಳಲ್ಲಿ ಅದು ಅಕ್ಷರಶಃ ನಿಜವಾಗಿದೆ.

ಬ್ಯಾಡಗಿಯವರಿಗೆ ಇಲ್ಲೊಂದು ಸ್ವಾರಸ್ಯವುಂಟು. ಕಾಡಿನಲ್ಲಿ ಕೆಂಪು ಚಿಗುರು ಮೂಡುವ ತಿಂಗಳುಗಳಲ್ಲಿಯೇ ನಮ್ಮ ಕಣಗಳಲ್ಲಿಯೂ ಪೇಟೆಯಲ್ಲಿಯೂ ಮೆಣಸಿನಕಾಯಿಯ ಕೆಂಪು ಹರಡಿರುತ್ತದೆ. ಆದರೆ ಇವೆರಡೂ ಒಂದೇ ಕೆಂಪಲ್ಲ. ಮೆಣಸಿನಕಾಯಿಯದು ಎಣ್ಣೆಯಲ್ಲಿ ಕರಗುವ ಕೆಂಪು. ಆದದರಿಂದಲೇ ಒಗ್ಗರಣೆಯ ಎಣ್ಣೆಗೆ ಬಣ್ಣವು ಬರುವದು. ಎಲೆಯ ಕೆಂಪು ನೀರಿನಲ್ಲಿ ಕರಗುವದು. ಅಂಗಳದ ಬಾದಾಮಿ ಮರದ ಒಂದು ಕೆಂಪೆಲೆಯನ್ನು ಜಜ್ಜಿ ಬಿಸಿನೀರಿನಲ್ಲಿ ಹಾಕಿ, ಆ ನೀರನ್ನು ಎರಡು ಬಟ್ಟಲುಗಳಲ್ಲಿ ಹಂಚಿ, ಒಂದಕ್ಕೆ ನಿಂಬೆಯ ರಸವನ್ನೂ ಇನ್ನೊಂದಕ್ಕೆ ಚಿಟಿಕೆ ಅಡಿಗೆಸೋಡವನ್ನೂ ಹಾಕಿ ಮಕ್ಕಳಿಗೆ ತೋರಿಸಿರಿ. ಹುಳಿಯಲ್ಲಿ ಕೆಂಪು ಹೆಚ್ಚುವದು, ಸೋಡದಲ್ಲಿ ಕೆಂಪು ಮಾಯವಾಗುವದು. ಬೆಟ್ಟಕ್ಕೆ ಹೊರಡುವ ಮೊದಲೇ ಹೀಗೆ ಅಡಿಗೆಮನೆಯಲ್ಲಿ ಪಾಠವನ್ನು ಆರಂಭಿಸಬಹುದು.

ಗುರುತಿಸಬೇಕಾದ ಮರಗಳು

ಬೆಟ್ಟದ ಹೆಸರಿಗಿಂತ ಮರದ ಹೆಸರನ್ನು ಮೊದಲು ತಿಳಿದುಕೊಳ್ಳುವದು ಉತ್ತಮ. ನಮ್ಮ ಪ್ರವಾಸಕ್ಕೆ ಐದಾರು ಮರಗಳ ಪರಿಚಯವಿದ್ದರೆ ಸಾಕು.

ಮೊದಲನೆಯದು ದಿಂಡಿಗ. ಒಣಗುಡ್ಡಗಳಲ್ಲಿ ಬೆಳೆಯುವ ಈ ಮರದ ಎಲೆಗಳು ಉದುರುವ ಮೊದಲು ತಾಮ್ರದಂತೆ ಕೆಂಪಾಗುತ್ತವೆ. ಹಣ್ಣೆಲೆಯ ಬಣ್ಣಕ್ಕಾಗಿ ಹುಡುಕುವವರು ಇದನ್ನೇ ಹುಡುಕಬೇಕು. ಎರಡನೆಯದು ಸಾಗವಾನಿ. ಇದರ ದೊಡ್ಡ ಎಲೆಗಳು ಹಳದಿಯಾಗಿ ಕಂದಿ ಬೀಳುವವು. ಬಣ್ಣಕ್ಕಿಂತ ಕಾಲಡಿಯ ಸಪ್ಪಳವೇ ಇದರ ಸೊಗಸು. ಇದರ ಎಳೆಯ ಎಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ಕೈ ಕೆಂಪಾಗುವದು. ಮೂರನೆಯದು ಸಾಗಡೆ, ಮರಾಠಿಯವರು ಇದನ್ನು ಕುಸುಂಬವೆನ್ನುತ್ತಾರೆ. ಚಿಗುರಿನ ಬಣ್ಣದಲ್ಲಿ ಇದೇ ರಾಜನು. ಫೆಬ್ರವರಿ ಮಾರ್ಚಗಳಲ್ಲಿ ಇಡೀ ಮರವು ಕೆಲವು ದಿನಗಳ ಮಟ್ಟಿಗೆ ಕಡುಗೆಂಪಾಗಿ ನಿಂತು, ದೂರದಿಂದ ಹೂವೇ ಬಿಟ್ಟಿದೆಯೆಂಬ ಭ್ರಾಂತಿಯನ್ನು ಹುಟ್ಟಿಸುವದು. ಆಮೇಲೆ ಬಣ್ಣವು ತಾಮ್ರಕ್ಕೂ, ಅಲ್ಲಿಂದ ಹಸುರಿಗೂ ತಿರುಗುವದು.

ಇವುಗಳೊಂದಿಗೆ ಎಲೆಯಿಲ್ಲದ ಕೊಂಬೆಗಳಲ್ಲಿ ಹೂ ಬಿಡುವ ಮರಗಳನ್ನೂ ಸೇರಿಸಬೇಕು. ಊಟದ ಎಲೆಯಿಂದ ಎಲ್ಲರಿಗೂ ಪರಿಚಿತವಾದ ಮುತ್ತಲವು ಹೋಳಿಹುಣ್ಣಿವೆಯ ಸುಮಾರಿಗೆ ಕೇಸರಿಯ ಹೂಗಳಿಂದ ತುಂಬಿರುತ್ತದೆ. ಬೂರುಗವು ಕೆಂಪು ಹೂಗಳನ್ನೂ, ಬಂಡೆಗಲ್ಲಿನ ಗುಡ್ಡಗಳ ಅರಿಸಿನಬೂರುಗವು ಹೊಂಬಣ್ಣದ ಹೂಗಳನ್ನೂ ಅದೇ ಕಾಲಕ್ಕೆ ತೋರಿಸುವವು.

ಸ್ಥಳದ ಆಯ್ಕೆಗೆ ಒಂದು ಸೂತ್ರ

ಮಳೆಯು ತೀರ ಹೆಚ್ಚಾಗಿರುವಲ್ಲಿ ಕಾಡು ನಿತ್ಯಹಸುರಾಗಿರುತ್ತದೆ. ತೀರ ಕಡಿಮೆಯಾಗಿರುವಲ್ಲಿ ಮುಳ್ಳುಕಂಟಿಯಾಗಿರುತ್ತದೆ. ಎಲೆಯ ಬಣ್ಣಕ್ಕೆ ಬೇಕಾದದ್ದು ಇವೆರಡರ ನಡುವಿನ ಕಾಡು. ನಮ್ಮ ಮೂರು ಊರುಗಳು ಇರುವದು ವರ್ಷಕ್ಕೆ ಸುಮಾರು ೩೦ ಅಂಗುಲದೊಳಗೆ-ಹೊರಗೆ ಮಳೆಯಾಗುವ ಬಯಲುಸೀಮೆಯಲ್ಲಿ. ಪಡುವಣಕ್ಕೆ ಶಿರಸಿಯನ್ನು ಮುಟ್ಟುವಷ್ಟರಲ್ಲಿ ಮಳೆಯು ಅದರ ಮೂರು ಪಟ್ಟಾಗಿರುತ್ತದೆ. ಈ ನಡುವಿನ ಹಾನಗಲ್ಲ, ಮುಂಡಗೋಡ, ಯಲ್ಲಾಪುರಗಳ ಸೆರಗೇ ಎಲೆಯುದುರುವ ಮರಗಳ ನೆಲೆಯು. ಹೀಗೆ ಒಣನಾಡೂ ಮಲೆನಾಡೂ ಒಂದೇ ದಿನದ ಪ್ರಯಾಣದಲ್ಲಿರುವದು ನಮ್ಮ ಊರುಗಳ ಭಾಗ್ಯವೇ ಸರಿ.

ಒಂದೇ ಬೆಟ್ಟದಲ್ಲಿಯೂ ಭೇದವುಂಟು. ತೆಂಕಣ ಮತ್ತು ಪಡುವಣ ಮಗ್ಗುಲುಗಳಿಗೆ ಬಿಸಿಲು ಹೆಚ್ಚಾದದರಿಂದ ಅವು ಬೇಗ ಒಣಗಿ ಬೇಗ ಬಣ್ಣವಾಗುತ್ತವೆ. ಬಡಗಣ ಮಗ್ಗುಲೂ ಹಳ್ಳದ ದಂಡೆಯೂ ತಡವಾಗಿ. ಹೊರಡುವದು ತಡವಾಯಿತೆಂದು ತೋರಿದರೆ ಹಳ್ಳದ ದಾರಿಯನ್ನು ಹಿಡಿಯಬೇಕು; ಮುಂಚಿತವಾಯಿತೆಂದು ತೋರಿದರೆ ಬೆನ್ನೇಣನ್ನು ಹಿಡಿಯಬೇಕು. ಮೇಲಿನಿಂದ ಇಡೀ ಕಾಡನ್ನು ನೋಡುವಾಗ ಸೂರ್ಯನು ಬೆನ್ನಹಿಂದಿರಲಿ. ಮರದ ಕೆಳಗೆ ನಿಂತು ಚಿಗುರನ್ನು ನೋಡುವಾಗ ಸೂರ್ಯನು ಎಲೆಯ ಆಚೆಗಿರಲಿ. ಬಿಸಿಲು ತೂರಿ ಬಂದ ಚಿಗುರಿನ ಕಾಂತಿಯೇ ಬೇರೆ.

ತಿಂಗಳಿಗೆ ತಕ್ಕ ಬೆಟ್ಟ

ಅಕ್ಟೋಬರ-ನವೆಂಬರ. ದಸರೆಯ ರಜೆಯಲ್ಲಿಯೇ ಹೋಗಬೇಕಾದವರು ಎಲೆಯ ಆಶೆಯನ್ನು ಬಿಟ್ಟು ಬಯಲುಸೀಮೆಯ ಹಸುರನ್ನು ನೋಡಲಿ. ರಾಣೇಬೆನ್ನೂರು ತಾಲೂಕಿನ ದೇವರಗುಡ್ಡವು ಸಣ್ಣ ಮಕ್ಕಳೂ ಮುದುಕರೂ ಹತ್ತಬಹುದಾದದ್ದು. ಮೇಲಿನಿಂದ ಹೊಲಗಳ ಚೌಕಗಳು ಚೆನ್ನಾಗಿ ಕಾಣುವವು. ದಸರೆಯ ಕಾರಣಿಕೋತ್ಸವದ ದಿನಗಳಲ್ಲಿ ಮಾತ್ರ ಜನಸಂದಣಿ ವಿಪರೀತವಾಗಿರುವದು. ೧೯೭೪ರಲ್ಲಿ ಸ್ಥಾಪಿತವಾದ ರಾಣೇಬೆನ್ನೂರಿನ ಕೃಷ್ಣಮೃಗದ ಅಭಯಾರಣ್ಯವು ಚಿಗರಿಗಳನ್ನು ನೋಡಲು ಯೋಗ್ಯವಾದದ್ದೇ ಹೊರತು ಎಲೆಯ ಬಣ್ಣಕ್ಕಲ್ಲ. ಅಲ್ಲಿ ಬಹುಭಾಗ ನೆಟ್ಟಿರುವ ನೀಲಗಿರಿ ಮರವು ಎಲೆಯನ್ನು ಒಮ್ಮೆಗೇ ಉದುರಿಸುವದಿಲ್ಲ.

ನವೆಂಬರದ ಕೊನೆಯಿಂದ ಜನೇವರಿ. ಇದು ಹುಲ್ಲಿನ ಕಾಲವು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯು ಸುಮಾರು ೬೩೩೦ ಅಡಿ ಎತ್ತರವಾಗಿದ್ದು ಕರ್ನಾಟಕದ ಅತ್ಯುನ್ನತ ಶಿಖರವು. ಅದರ ಇಳಿಜಾರಿನ ಹುಲ್ಲೆಲ್ಲವೂ ಆಗ ಹೊನ್ನಿನ ಬಣ್ಣವನ್ನು ತಾಳುವದು. ಕಣಿವೆಗಳಲ್ಲಿ ಹಸುರು ಕಾಡು ಹುದುಗಿರುವದು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಬೀರೂರಿಗೆ ಹೋಗುವ ರೇಲ್ವೆಯ ಮೇಲೆಯೇ ಇರುವದರಿಂದ ಈ ಪ್ರಯಾಣವು ಸುಲಭವು.

ಕ್ರಿಸ್ಮಸ್ ರಜೆಯಿಂದ ಫೆಬ್ರವರಿಯ ಮೊದಲ ವಾರದ ವರೆಗೆ. ಇದು ಹಣ್ಣೆಲೆಯ ಕಾಲವು. ಹತ್ತಿರದ್ದೆಂದರೆ ಗದಗ ಜಿಲ್ಲೆಯ ಕಪ್ಪತಗುಡ್ಡವು. ಹಾವೇರಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿಗಳ ಮಾರ್ಗವಾಗಿ ಹೋಗಿ ಸಂಜೆಗೆ ಮನೆಗೆ ಬರಬಹುದು. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡಸಾಲಿನ ಒಣಕಾಡು ಬಣ್ಣವಾಗುವದನ್ನು ಗಾಳಿಗುಂಡಿ ಬಸವಣ್ಣನ ಎತ್ತರದಿಂದ ನೋಡತಕ್ಕದ್ದು. ಗಣಿಗಾರಿಕೆಯ ಭಯವನ್ನು ಬಹುಕಾಲ ಎದುರಿಸಿದ ಈ ಗುಡ್ಡವನ್ನು, ಜನರ ಹೋರಾಟದ ತರುವಾಯ, ಸರಕಾರವು ೨೦೧೯ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿತು. ಅದರ ವಿಸ್ತಾರವು ಸುಮಾರು ೨೪೪ ಚದರ ಕಿಲೋಮೀಟರು. ನೋಡುವ ಬೆಟ್ಟವು ಉಳಿದದ್ದು ಹೇಗೆಂಬದನ್ನೂ ಮಕ್ಕಳು ತಿಳಿಯಬೇಕು. ದಟ್ಟವಾದ ಕಾಡನ್ನು ಬಯಸುವವರು ಸಾಗವಾನಿಯ ಸೀಮೆಯಾದ ದಾಂಡೇಲಿ, ಹಳಿಯಾಳಗಳ ಕಡೆಗೆ ಹೋಗಬಹುದು.

ಫೆಬ್ರವರಿ-ಮಾರ್ಚ. ಇದೇ ನಮ್ಮ ವರ್ಣೋತ್ಸವವು. ಯಲ್ಲಾಪುರದ ಹತ್ತಿರ ಮಾಗೋಡು ಜಲಪಾತಕ್ಕೆ ಸಮೀಪದ ಜೇನುಕಲ್ಲುಗುಡ್ಡದ ಮೇಲೆ ನಿಂತರೆ ಬೇಡ್ತಿ ನದಿಯ ಕಣಿವೆಯು ಕಾಲ ಕೆಳಗೆ ಹರಡಿರುತ್ತದೆ. ಹಸುರಿನ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು ಚಿಗುರಿನ ಮರವನ್ನು ಮಕ್ಕಳಿಂದ ಎಣಿಸಿರಿ. ನಡಿಗೆಯು ಸ್ವಲ್ಪವೇ ಆದದರಿಂದ ವೃದ್ಧರಿಗೂ ಇದು ಅನುಕೂಲವು. ತರೀಕೆರೆಯ ಕಡೆಯ ಕೆಮ್ಮಣ್ಣುಗುಂಡಿಯು ಸುಮಾರು ೪೭೦೦ ಅಡಿ ಎತ್ತರದಲ್ಲಿದ್ದು, ಕೆಳಗಿನ ಭದ್ರಾ ಕಣಿವೆಯ ಕಾಡುಗಳನ್ನು ನೋಡಲು ತಕ್ಕ ಸ್ಥಳವು. ಗಟ್ಟಿ ಕಾಲುಗಳುಳ್ಳವರಿಗೆ ಹೊಸನಗರ ತಾಲೂಕಿನ ಕೊಡಚಾದ್ರಿಯುಂಟು. ಸುಮಾರು ೪೪೦೦ ಅಡಿ. ಅಲ್ಲಿಯ ಮರಗಳು ನಿತ್ಯಹಸುರಾದರೂ ಅವುಗಳಿಗೂ ಚಿಗುರಿನ ಕಾಲವುಂಟು. ನಾಗಸಂಪಿಗೆಯಂಥ ಮರಗಳ ಕೆಂಪು ಚಿಗುರು ಕಡುಹಸುರಿನ ಮೇಲೆ ರತ್ನದಂತೆ ಹೊಳೆಯುವದು.

ಈ ತಿಂಗಳುಗಳೇ ಪರೀಕ್ಷೆಯ ತಿಂಗಳುಗಳೆಂಬ ಕಷ್ಟವನ್ನು ನಾವು ಬಲ್ಲೆವು. ಓದುವ ಹುಡುಗಿಗೆ ದೂರದ ಪ್ರಯಾಣವು ಬೇಡ. ಬೆಳಗಿನ ಒಂದು ಗಂಟೆ ಊರ ಹೊರಗಿನ ಮುತ್ತಲದ ಮರದ ವರೆಗೆ ನಡೆದು ಬರುವದು ಕಣ್ಣಿಗೂ ಮನಸ್ಸಿಗೂ ಹಿತವನ್ನುಂಟುಮಾಡುವದು.

ಮರೆಯಬಾರದ ಎರಡು ಎಚ್ಚರಿಕೆಗಳು

ನೀರು, ಬುತ್ತಿ, ಟೊಪ್ಪಿಗೆ, ಗಟ್ಟಿಯಾದ ಕೆರವುಗಳ ವಿಷಯವನ್ನು ಎಲ್ಲರೂ ಬಲ್ಲರು. ಆದರೆ ಒಣ ಎಲೆಯ ಕಾಲಕ್ಕೇ ವಿಶೇಷವಾದ ಎರಡು ಅಪಾಯಗಳನ್ನು ಪಾಲಕರು ಚೆನ್ನಾಗಿ ತಿಳಿದಿರಬೇಕು.

ಮೊದಲನೆಯದು ಮಂಗನ ಕಾಯಿಲೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಸತ್ತಾಗ ಇದು ಮೊಟ್ಟಮೊದಲು ಗೊತ್ತಾಯಿತು. ಸೊರಬವು ನಮಗೆ ದೂರದ ಊರಲ್ಲ. ಈ ರೋಗವನ್ನು ಹರಡುವದು ಕಾಡಿನ ಸಣ್ಣ ಉಣ್ಣಿ. ಅದರ ಮರಿಗಳು ಬಿದ್ದ ಎಲೆಗಳ ನಡುವೆ ಇರುತ್ತವೆ. ರೋಗದ ಕಾಲವು ದಶಂಬರದಿಂದ ಮೇ ತಿಂಗಳಿನ ವರೆಗೆ, ಅಂದರೆ ನಾವು ಎಲೆಯನ್ನು ನೋಡಲು ಹೊರಡುವ ಕಾಲವೇ ಆಗಿದೆ. ಆದದರಿಂದ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡಿಗೆ ಹೋಗುವ ಮೊದಲು ಅಲ್ಲಿಯ ಆರೋಗ್ಯ ಇಲಾಖೆಯವರನ್ನು ವಿಚಾರಿಸಬೇಕು. ರೋಗವು ಕಂಡುಬಂದಿದ್ದರೆ, ಇಲ್ಲವೆ ಮಂಗವು ಸತ್ತುಬಿದ್ದ ಸುದ್ದಿಯಿದ್ದರೆ, ಆ ಕಾಡಿಗೆ ಹೋಗಲೇಬಾರದು. ಮೈತುಂಬ ಬಟ್ಟೆಯನ್ನು ತೊಡಬೇಕು. ಆರೋಗ್ಯ ಇಲಾಖೆಯವರು ಹಂಚುವ ಡೇಪಾ ತೈಲವು ದೊರೆತರೆ ಹಚ್ಚಿಕೊಳ್ಳಬೇಕು. ಎಲೆಗಳ ರಾಶಿಯ ಮೇಲೆ ಕೂಡ್ರುವದೂ, ಮಕ್ಕಳು ಅದರಲ್ಲಿ ಹೊರಳಾಡುವದೂ ಸರ್ವಥಾ ಕೂಡದು. ಶೀತದೇಶದ ಮಕ್ಕಳು ಎಲೆಯ ರಾಶಿಯಲ್ಲಿ ಜಿಗಿಯುವ ಚಿತ್ರವನ್ನು ನಮ್ಮ ಮಕ್ಕಳು ಅನುಕರಿಸಬಾರದು. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನವನ್ನು ಮಾಡಿಸಿ, ಮೈಯನ್ನು ಪರೀಕ್ಷಿಸಿ, ಬಟ್ಟೆಗಳನ್ನು ಒಗೆಯಬೇಕು. ಮುಂದಿನ ಎಂಟು-ಹತ್ತು ದಿವಸಗಳಲ್ಲಿ ಒಮ್ಮೆಲೆ ಜ್ವರ, ತಲೆಶೂಲೆ, ಮೈನೋವುಗಳು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದ ಸಂಗತಿಯನ್ನು ತಪ್ಪದೆ ಹೇಳಬೇಕು. ಈ ರೋಗಕ್ಕೆ ನಿರ್ದಿಷ್ಟವಾದ ಔಷಧವಿಲ್ಲ; ಬೇಗನೆ ದೊರೆತ ಆರೈಕೆಯೇ ಪ್ರಾಣವನ್ನು ಕಾಯುವದು.

ಎರಡನೆಯದು ಬೆಂಕಿ. ನಮಗೆ ಸೊಗಸಾಗಿ ಕಾಣುವ ಒಣ ಎಲೆಯು ಕಾಡಿಗೆ ಒಟ್ಟಿದ ಸೌದೆಯಂತಿರುತ್ತದೆ. ೨೦೧೯ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆ ಸುಟ್ಟುಹೋದದ್ದನ್ನು ಯಾರೂ ಮರೆತಿರಲಿಕ್ಕಿಲ್ಲ. ನಮ್ಮ ದೇಶದಲ್ಲಿ ಕಾಡಿನ ಬೆಂಕಿಯು ಬಹುಮಟ್ಟಿಗೆ ಮನುಷ್ಯರ ಕೈಯಿಂದಲೇ ಹುಟ್ಟುವದು. ಆದಕಾರಣ ಚಹಕ್ಕೂ ಅನ್ನಕ್ಕೂ ಕಾಡಿನಲ್ಲಿ ಒಲೆಯನ್ನು ಹೂಡಬಾರದು. ಮನೆಯಿಂದ ರೊಟ್ಟಿಬುತ್ತಿಯನ್ನು ಕಟ್ಟಿಕೊಂಡು ಹೋಗುವ ನಮ್ಮ ಪದ್ಧತಿಯೇ ಶ್ರೇಷ್ಠವಾದದ್ದು. ಬೀಡಿ, ಬೆಂಕಿಪೆಟ್ಟಿಗೆಗಳು ಜೊತೆಗೆ ಬರಲೇಬಾರದು. ಬೆಂಕಿಯ ಭಯದಿಂದ ಅರಣ್ಯ ಇಲಾಖೆಯವರು ಬೇಸಗೆಯಲ್ಲಿ ಅನೇಕ ಬೆಟ್ಟದ ದಾರಿಗಳನ್ನು ಮುಚ್ಚುವದುಂಟು. ಕೆಲವಕ್ಕೆ ಮುಂಚಿತವಾಗಿ ಅನುಮತಿಯೂ ಬೇಕು. ದಾರಿಯು ಮುಚ್ಚಿದೆಯೆಂದು ತಿಳಿದಾಗ ಬೇರೆ ಕಳ್ಳದಾರಿಯನ್ನು ಹುಡುಕದೆ, ಹೆದ್ದಾರಿಯಿಂದಲೇ ಕಾಣುವ ಮರಗಳನ್ನು ನೋಡಿ ತೃಪ್ತಿಪಡುವದು ವಿವೇಕಿಗಳ ಲಕ್ಷಣವು. ಬೆಂಕಿ ತಗಲಿದ ಇಳಿಜಾರಿನಲ್ಲಿ ಎಳೆಯ ಸಸಿಗಳು ಸುಟ್ಟುಹೋಗುವವು. ಅವು ಸುಟ್ಟರೆ ಮುಂದಿನ ತಲೆಮಾರಿಗೆ ಕೆಂಪು ಚಿಗುರನ್ನು ತೋರಿಸಲು ಮರವೆಲ್ಲಿರುವದು?

ಹೀಗೆ ಬೆಟ್ಟವನ್ನು ಆರಿಸಿಕೊಳ್ಳುವವರು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು: ನಾನು ನೋಡಬೇಕೆಂದಿರುವ ಮರವು ಯಾವದು? ಈ ತಿಂಗಳಿನಲ್ಲಿ ಅದು ಯಾವ ಸ್ಥಿತಿಯಲ್ಲಿರುವದು? ಅಲ್ಲಿಗೆ ಈಗ ಹೋಗುವದು ನಮಗೂ ಆ ಕಾಡಿಗೂ ಕ್ಷೇಮವೇ? ಪರದೇಶದ ಚಿತ್ರಗಳನ್ನು ನೋಡಿ ಆನಂದಪಡುವದರಲ್ಲಿ ದೋಷವಿಲ್ಲ. ಅವುಗಳ ಅಳತೆಗೋಲಿನಿಂದ ನಮ್ಮ ಬೆಟ್ಟಗಳನ್ನು ಅಳೆಯುವದರಲ್ಲಿ ಮಾತ್ರ ನಷ್ಟವುಂಟು. ಬರುವ ಶಿಶಿರದಲ್ಲಿ ನಮ್ಮ ವಾಚಕರು ತಮ್ಮ ಮಕ್ಕಳಿಗೆ ಒಂದು ದಿಂಡಿಗವನ್ನೂ, ಒಂದು ಸಾಗಡೆಯನ್ನೂ ಹೆಸರು ಹೇಳಿ ತೋರಿಸಲಿ. ಹೆಸರು ತಿಳಿದ ಮರವನ್ನು ಕಡಿಯಲು ಮನಸ್ಸು ಸುಲಭವಾಗಿ ಒಪ್ಪುವದಿಲ್ಲ.